ಹೊಸಬರಿಗೆ ಹೆಚ್ಚು, ಹಳಬರಿಗೆ ಕಡಿಮೆ: ಸಂಬಳದ ಲೆಕ್ಕ ತಪ್ಪುವುದೆಲ್ಲಿ?

ಸಂಬಳ, ಸವಲತ್ತು, ಒಳ್ಳೆಯ ಕೆಲಸಗಾರರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಓದುಗರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಯಾವ ನಾಣ್ಯದಲ್ಲಿ ಸಂಬಳ ಕೊಡುವವರಿಗೂ ಲೆಕ್ಕ ಹೊಂದಲೆಂದು, ಉದಾಹರಣೆಗಳಲ್ಲಿ ಆಯಾ ಕೆಲಸದ ಮಾರುಕಟ್ಟೆ ಸಂಬಳವನ್ನು (ಅದೇ ಕೆಲಸಕ್ಕೆ ಹೊರಗೆ ಸಾಮಾನ್ಯವಾಗಿ ಸಿಗುವ ಸಂಬಳವನ್ನು) 100 ಎಂದು ಹಿಡಿದಿದ್ದೇವೆ.

ಪ್ರಶ್ನೆ: ನಮ್ಮದು 30 ಜನರ ಘಟಕ. ನುರಿತ ತಂತ್ರಜ್ಞರೊಬ್ಬರು ಬಿಟ್ಟುಹೋದರು. ಅವರ ಜಾಗಕ್ಕೆ ಬಂದ ಹೊಸಬರಿಗೆ, ಅದೇ ಕೆಲಸವನ್ನು ಆರು ವರ್ಷದಿಂದ ಮಾಡುತ್ತಿರುವವರಿಗಿಂತ ಶೇ 15ರಷ್ಟು ಹೆಚ್ಚು ಕೊಡಬೇಕಾಯಿತು. ವಿಷಯ ಹೊರಬಿತ್ತು, ಇನ್ನಿಬ್ಬರು ರಾಜೀನಾಮೆ ಕೊಟ್ಟಿದ್ದಾರೆ. ಎಲ್ಲರಿಗೂ ಶೇ 10 ಏರಿಸಿಬಿಟ್ಟರೆ ಸರಿಹೋದೀತೆ?
– ಸಣ್ಣ ಕಾರ್ಖಾನೆಯ ಮಾಲೀಕರು

ಉತ್ತರ: ಸರಿಹೋಗುವುದಿಲ್ಲ, ಅಂತರ ಇನ್ನೂ ಹೆಚ್ಚುತ್ತದೆ. ಹಳಬರ ಸಂಬಳ 85, ಹೊಸಬರದು 98 ಎಂದುಕೊಳ್ಳಿ. ಇಬ್ಬರಿಗೂ ಶೇ 10 ಏರಿಸಿದರೆ 93.5 ಮತ್ತು 107.8 ಆಗುತ್ತದೆ. ಮೊದಲು 13 ಇದ್ದ ಅಂತರ ಈಗ 14.3. ಖರ್ಚೂ ಆಯಿತು, ನೋವೂ ಉಳಿಯಿತು.

ಇದು ಹೇಗೆ ಆಗುತ್ತದೆಂದರೆ, ಒಳಗಿರುವವರ ಸಂಬಳ ವಾರ್ಷಿಕ ಏರಿಕೆಯ ವೇಗದಲ್ಲಿ ಸಾಗುತ್ತದೆ, ಹೊರಗಿನಿಂದ ಬರುವವರ ಸಂಬಳ ಮಾರುಕಟ್ಟೆಯ ವೇಗದಲ್ಲಿ. ಮಾರುಕಟ್ಟೆ ವರ್ಷಕ್ಕೆ ಶೇ 7ರಂತೆ ಏರಿ ನೀವು ಶೇ 4ರಂತೆ ಏರಿಸುತ್ತ ಹೋದರೆ, ಆರು ವರ್ಷದಲ್ಲಿ ನಿಮ್ಮ ನಂಬಿಗಸ್ತ ಕೆಲಸಗಾರ ಮಾರುಕಟ್ಟೆಗಿಂತ ಶೇ 16ರಷ್ಟು ಹಿಂದೆ ಬಿದ್ದಿರುತ್ತಾನೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಯಾರೂ ಲೆಕ್ಕ ನೋಡಲಿಲ್ಲ ಅಷ್ಟೆ. ಆದರೆ ಕೆಲಸಗಾರನಿಗೆ ಅದು ಅವಮಾನವಾಗಿಯೇ ತಟ್ಟುತ್ತದೆ. ಮನುಷ್ಯ ತನ್ನ ದುಡಿಮೆಗೂ ಪ್ರತಿಫಲಕ್ಕೂ ಇರುವ ಪ್ರಮಾಣವನ್ನು ಪಕ್ಕದವನ ಪ್ರಮಾಣದೊಂದಿಗೆ ಹೋಲಿಸಿ ನೋಡುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಜಾನ್ ಸ್ಟೇಸಿ ಆಡಮ್ಸ್ 1963ರಲ್ಲೇ ವಿವರಿಸಿದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು. ಸಹೋದ್ಯೋಗಿಗಳ ಸಂಬಳ ತಿಳಿದ ಮೇಲೆ, ನಡುಮಟ್ಟಕ್ಕಿಂತ ಕಡಿಮೆ ಪಡೆಯುತ್ತಿದ್ದವರ ತೃಪ್ತಿ ಕುಗ್ಗಿತು, ಬೇರೆ ಕೆಲಸ ಹುಡುಕುವ ಇರಾದೆ ಹೆಚ್ಚಿತು. ಹೆಚ್ಚು ಪಡೆಯುತ್ತಿದ್ದವರ ತೃಪ್ತಿಯೇನೂ ಅದಕ್ಕೆ ತಕ್ಕಂತೆ ಏರಲಿಲ್ಲ. ಅಂದರೆ ಹೊಸಬರಿಗೆ ಹೆಚ್ಚು ಕೊಟ್ಟು ಗಳಿಸುವುದಕ್ಕಿಂತ ಹಳಬರಿಗೆ ಕಡಿಮೆ ಕೊಟ್ಟು ಕಳೆದುಕೊಳ್ಳುವುದು ದೊಡ್ಡದು.

ಸರಿಪಡಿಸುವ ಕ್ರಮ ಹೀಗಿರಲಿ. ಮೊದಲು ಹೆಸರುಗಳನ್ನು ಬದಿಗಿಟ್ಟು ಕೆಲಸಗಳ ಪಟ್ಟಿ ಮಾಡಿ. ಪ್ರತಿ ಕೆಲಸಕ್ಕೂ ನಾಲ್ಕು ಅಂಶಗಳಲ್ಲಿ 1ರಿಂದ 5ರವರೆಗೆ ಅಂಕ ಹಾಕಿ: ಬೇಕಾದ ಕೌಶಲ, ಹೊರಬೇಕಾದ ಹೊಣೆ, ದೇಹ ಮತ್ತು ಮನಸ್ಸಿನ ಶ್ರಮ, ಕೆಲಸದ ಪರಿಸ್ಥಿತಿ. ಶಬ್ದ, ಬಿಸಿ, ರಾತ್ರಿಪಾಳಿ, ಅಪಾಯ ಎಲ್ಲವೂ ಕೊನೆಯದರಲ್ಲಿ ಬರುತ್ತವೆ. ಕೌಶಲಕ್ಕೆ 40, ಹೊಣೆಗೆ 30, ಉಳಿದೆರಡಕ್ಕೆ 15–15 ತೂಕ ಕೊಟ್ಟು ಆರಂಭಿಸಬಹುದು. ಅಂಕವನ್ನು ನೀವೊಬ್ಬರೇ ಹಾಕಬೇಡಿ. ಮೂವರು ಬೇರೆ ಬೇರೆ ಕೂತು ಹಾಕಲಿ. ಎಲ್ಲಿ ಎರಡು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂತೋ ಅಲ್ಲಿ ಮಾತ್ರ ಚರ್ಚೆ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಕೆಲಸಕ್ಕೆ ಹಾಕಬೇಕಾದ ಅಂಕವನ್ನು ಆ ಕೆಲಸದಲ್ಲಿರುವ ವ್ಯಕ್ತಿಗೆ ಹಾಕಿಬಿಡುತ್ತಾರೆ. ‘ಅವರು ಬಹಳ ಚುರುಕು’ ಎಂಬ ಮಾತು ಬಂದರೆ ಅಲ್ಲಿಗೇ ತಡೆಯಿರಿ. ವ್ಯಕ್ತಿಯ ಚುರುಕು ಆಮೇಲಿನ ಲೆಕ್ಕ.

ಒಟ್ಟು ಅಂಕ ಹತ್ತಿರ ಹತ್ತಿರ ಇರುವ ಕೆಲಸಗಳನ್ನು ಒಂದೊಂದು ಶ್ರೇಣಿಗೆ ಸೇರಿಸಿ. 30 ಜನರಿಗೆ ಐದು ಶ್ರೇಣಿ ಸಾಕು. ಪ್ರತಿ ಶ್ರೇಣಿಗೂ ಮಾರುಕಟ್ಟೆ ಸಂಬಳವನ್ನು ನಡುಬಿಂದುವಾಗಿ ಇಟ್ಟು, ಕೆಳಗೆ 80, ಮೇಲೆ 120 ಎಂದು ಗೆರೆ ಹಾಕಿ. ಕೆಲಸ ಕಲಿಯುತ್ತಿರುವವರು 80ರಿಂದ 90ರಲ್ಲಿ, ಯಾರ ಸಹಾಯವೂ ಇಲ್ಲದೆ ಪೂರ್ತಿ ಕೆಲಸ ಮಾಡುವವರು 95ರಿಂದ 105ರಲ್ಲಿ, ಇನ್ನೊಬ್ಬರಿಗೆ ಕಲಿಸಬಲ್ಲವರು 110ರ ಮೇಲೆ. ಈಗ ಹೆಸರುಗಳನ್ನು ತನ್ನಿ. ಪ್ರತಿಯೊಬ್ಬರ ಸಂಬಳವನ್ನು ನಡುಬಿಂದುವಿನಿಂದ ಭಾಗಿಸಿ. ಆರು ವರ್ಷದ ಅನುಭವಿ 0.85ರಲ್ಲಿ ಕೂತಿದ್ದರೆ ತಪ್ಪು ಕಣ್ಣಿಗೆ ರಾಚುತ್ತದೆ.

ಈ ಲೆಕ್ಕ ಮಾಡಿದವರಿಗೆ ಸಾಮಾನ್ಯವಾಗಿ ಸಮಾಧಾನವಾಗುತ್ತದೆ, ಏಕೆಂದರೆ ಖರ್ಚು ಹೆದರಿದಷ್ಟು ಇರುವುದಿಲ್ಲ. ನಿಮ್ಮ ತಿಂಗಳ ಒಟ್ಟು ಸಂಬಳ 2,700 ಇದ್ದು, ಹಿಂದೆ ಬಿದ್ದ ಆರು ಜನರ ಕೊರತೆಯೆಲ್ಲ ಸೇರಿ 60 ಆದರೆ ಹೊರೆ ಶೇ 2.2 ಮಾತ್ರ. ಎಲ್ಲರಿಗೂ ಶೇ 10 ಎಂದರೆ 270 ಬೇಕಿತ್ತು. ಒಂದೇ ಸಲಕ್ಕೆ ಆಗದಿದ್ದರೆ ಎರಡು ಕಂತು ಮಾಡಿ. ಆದರೆ ಮೊದಲ ಕಂತಿನಲ್ಲೇ ಹಳಬರು ಹೊಸಬರ ಸಮಕ್ಕೆ ಬರಬೇಕು, ಅಂದರೆ 85ರಿಂದ 98ಕ್ಕೆ. ಆರು ತಿಂಗಳೊಳಗೆ ಎರಡನೆಯದು, 103ಕ್ಕೆ. ಎರಡನೆಯ ಕಂತಿನ ತಾರೀಖನ್ನು ಈಗಲೇ ಪತ್ರದಲ್ಲಿ ಬರೆದು ಕೊಡಿ. ‘ನೋಡೋಣ’ ಎಂಬ ಬಾಯಿಮಾತನ್ನು ಈ ಹಂತದಲ್ಲಿ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಇನ್ನು ಮುಂದೆ ಯಾರಿಗೇ ನೇಮಕಾತಿ ಪತ್ರ ಹೋಗುವ ಮುಂಚೆ, ಅದೇ ಶ್ರೇಣಿಯಲ್ಲಿರುವ ಎಲ್ಲರ ಸಂಬಳದ ಪಕ್ಕ ಅದನ್ನು ಇಟ್ಟು ನೋಡುವ ನಿಯಮ ಮಾಡಿಕೊಳ್ಳಿ. ಹೊಸಬರಿಗೆ ಹೆಚ್ಚು ಕೊಡಲೇಬೇಕಾದ ಸ್ಥಿತಿ ಬಂದರೆ, ಒಳಗಿನವರನ್ನು ಏರಿಸುವ ಖರ್ಚನ್ನೂ ಆ ನೇಮಕದ ಖರ್ಚಿಗೇ ಸೇರಿಸಿ.

ಪ್ರಶ್ನೆ: ಮಾರುಕಟ್ಟೆ ಸಂಬಳ ಎಷ್ಟೆಂದು ತಿಳಿಯುವುದು ಹೇಗೆ? ದುಡ್ಡು ಕೊಟ್ಟು ಸಮೀಕ್ಷೆ ಕೊಳ್ಳುವ ಶಕ್ತಿ ನಮಗಿಲ್ಲ.
– ಲೆಕ್ಕಪತ್ರ ಸೇವಾ ಸಂಸ್ಥೆಯ ಪಾಲುದಾರರು

ಉತ್ತರ: ಪ್ರತಿ ಕೆಲಸಕ್ಕೂ ಎಂಟು–ಹತ್ತು ಅಂಕಿಗಳನ್ನು ನೀವೇ ಕೂಡಿಸಬಹುದು. ಉದ್ಯೋಗ ಜಾಹೀರಾತುಗಳು, ಸರ್ಕಾರಿ ಕಾರ್ಮಿಕ ಅಂಕಿಅಂಶ, ಉದ್ಯಮ ಸಂಘಗಳ ವರದಿ, ನೇಮಕಾತಿ ಏಜೆನ್ಸಿಗಳು ಇವೆಲ್ಲ ಮೂಲಗಳೇ. ನಿಮ್ಮ ಕೆಲಸವನ್ನು ಒಲ್ಲೆ ಎಂದವರನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಎಷ್ಟು ಕಡಿಮೆಯಾಯಿತು ಎಂದು ಅವರನ್ನೇ ನಯವಾಗಿ ಕೇಳಿ. ಅದಕ್ಕಿಂತ ತಾಜಾ ಮಾಹಿತಿ ಇನ್ನೊಂದಿಲ್ಲ.

ಹೋಲಿಸುವಾಗ ಹುದ್ದೆಯ ಹೆಸರನ್ನು ನಂಬಬೇಡಿ. ಒಂದು ಕಡೆ ‘ಮ್ಯಾನೇಜರ್’ ಎಂದರೆ 20 ಜನರ ಹೊಣೆ, ಇನ್ನೊಂದು ಕಡೆ ಒಬ್ಬರೇ ಕೂತು ಮಾಡುವ ಕೆಲಸ. ಕರ್ತವ್ಯಗಳಲ್ಲಿ ಮುಕ್ಕಾಲು ಪಾಲಾದರೂ ಹೊಂದಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಸರಾಸರಿ ತೆಗೆಯಬೇಡಿ, ನಡುವಿನ ಅಂಕಿ ಹಿಡಿಯಿರಿ. ಐದು ಕಡೆ 80, 85, 90, 95, 200 ಎಂದು ಸಿಕ್ಕಿದರೆ ಸರಾಸರಿ 110 ಆಗುತ್ತದೆ, ಅಷ್ಟನ್ನು ಕೊಡುವವರು ಒಬ್ಬರೇ. ನಡುವಿನದು 90, ಅದೇ ನಿಜಕ್ಕೆ ಹತ್ತಿರ. ಕೆಲಸದ ಗಂಟೆಗಳನ್ನೂ ನೋಡಿ: ವಾರಕ್ಕೆ 40 ಗಂಟೆಗೆ 100 ಕೊಡುವವರು ಗಂಟೆಗೆ 2.5 ಕೊಟ್ಟಂತೆ, 48 ಗಂಟೆಗೆ 110 ಕೊಡುವವರು 2.29 ಕೊಟ್ಟಂತೆ. ಅಂಕಿ ವರ್ಷದಷ್ಟು ಹಳೆಯದಾಗಿದ್ದು ಮಾರುಕಟ್ಟೆ ಶೇ 6 ಏರಿದ್ದರೆ 90ನ್ನು 95.4 ಎಂದು ತಿದ್ದಿಕೊಳ್ಳಿ. ಜಾಹೀರಾತಿನ ‘ಇಷ್ಟರಿಂದ ಇಷ್ಟರವರೆಗೆ’ ಎಂಬುದರಲ್ಲಿ ಮೇಲಿನ ತುದಿಯನ್ನು ಹಿಡಿದು ಹೆದರಬೇಕಿಲ್ಲ. ಹಾಗೆಯೇ ಕಾನೂನಿನ ಕನಿಷ್ಠ ವೇತನವನ್ನು ಮಾರುಕಟ್ಟೆ ದರ ಎಂದುಕೊಳ್ಳಲೂಬಾರದು. ಅದು ಅದಕ್ಕಿಂತ ಕೆಳಗಿಳಿಯಕೂಡದ ನೆಲ, ಅಷ್ಟೆ.

ಪ್ರಶ್ನೆ: ಸಂಬಳ ಏರಿಸುವ ಸ್ಥಿತಿಯಲ್ಲಿ ಸದ್ಯ ನಾವಿಲ್ಲ. ವಾರ್ಷಿಕ ಪ್ರವಾಸ, ಆಟದ ಕೋಣೆ, ಹುಟ್ಟುಹಬ್ಬದ ಉಡುಗೊರೆ ಇಟ್ಟಿದ್ದೇವೆ. ಆದರೂ ಜನ ನಿಲ್ಲುತ್ತಿಲ್ಲ. ಏಕೆ?
– ಸಾಫ್ಟ್‌ವೇರ್ ಸೇವಾ ಕಂಪನಿಯ ಮಾನವ ಸಂಪನ್ಮೂಲ ಅಧಿಕಾರಿ

ಉತ್ತರ: ಇವು ಬಡಿಸುವ ಉಪ್ಪಿನಕಾಯಿ, ಎಲೆಯಲ್ಲಿ ಅನ್ನ ಬಿದ್ದ ಮೇಲೆ ರುಚಿ. ಸಂಬಳ ಕಡಿಮೆಯಿದ್ದರೆ ಅತೃಪ್ತಿ ಹುಟ್ಟುತ್ತದೆ, ಆ ಅತೃಪ್ತಿಯನ್ನು ಬೇರೆ ಖುಷಿಗಳು ಅಳಿಸುವುದಿಲ್ಲ ಎಂಬುದು ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಹರ್ಜ್‌ಬರ್ಗ್ 1959ರಲ್ಲಿ ಮುಂದಿಟ್ಟ ವಿಚಾರದ ಸಾರ. ಶ್ರೇಣಿಯ 80ಕ್ಕಿಂತ ಕೆಳಗೆ ಯಾರಾದರೂ ಇದ್ದರೆ ಪ್ರವಾಸದ ಹಣವನ್ನು ಮೊದಲು ಅಲ್ಲಿಗೆ ಹಾಕಿ.

ಅದಾದ ಮೇಲೆ ಕಡಿಮೆ ಖರ್ಚಿನಲ್ಲಿ ನಿಜಕ್ಕೂ ಜನರನ್ನು ಹಿಡಿದಿಡುವ ಸವಲತ್ತುಗಳಿವೆ. ಮೊದಲನೆಯದು ಸಂಬಳ ಸಹಿತ ರಜೆ. ವರ್ಷಕ್ಕೆ 240 ಕೆಲಸದ ದಿನಗಳಿದ್ದರೆ ಒಂದು ದಿನದ ರಜೆಯ ಖರ್ಚು ಸುಮಾರು ಶೇ 0.42, ಐದು ದಿನ ಹೆಚ್ಚು ಕೊಟ್ಟರೂ ಶೇ 2ರ ಆಸುಪಾಸು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ 132ನೇ ಒಡಂಬಡಿಕೆ ವರ್ಷದ ಸೇವೆಗೆ ಕನಿಷ್ಠ ಮೂರು ವಾರದ ಸಂಬಳ ಸಹಿತ ರಜೆ ಹೇಳುತ್ತದೆ. 2000ದ 183ನೇ ಒಡಂಬಡಿಕೆ 14 ವಾರಗಳ ಹೆರಿಗೆ ರಜೆ ಹೇಳುತ್ತದೆ. ನಿಮ್ಮ ದೇಶದ ಕಾನೂನು ಇದಕ್ಕಿಂತ ಹೆಚ್ಚು ಹೇಳಿದರೆ ಅದನ್ನೇ ಪಾಲಿಸಬೇಕು, ಕಡಿಮೆ ಹೇಳಿದರೆ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಆದರೆ ಕಾಗದದ ಮೇಲಿನ ರಜೆ ರಜೆಯಲ್ಲ. ಒಬ್ಬರು ಹೋದರೆ ಅವರ ಕೆಲಸ ನೋಡಿಕೊಳ್ಳಲು ಇನ್ನೊಬ್ಬರು ತಯಾರಿಲ್ಲದ ಕಡೆ ರಜೆ ಕೇಳುವುದೇ ಅಪರಾಧವಾಗಿಬಿಡುತ್ತದೆ. ಪ್ರತಿ ಕೆಲಸಕ್ಕೂ ಎರಡನೆಯವರನ್ನು ತಯಾರು ಮಾಡಿ. ಆರು ತಿಂಗಳಿಗೊಮ್ಮೆ ಯಾರು ರಜೆಯೇ ತೆಗೆದುಕೊಂಡಿಲ್ಲ ಎಂಬ ಪಟ್ಟಿ ನೋಡಿ.

ಎರಡನೆಯದು ಗುಂಪು ಆರೋಗ್ಯ ವಿಮೆ. ಅಪಾಯ ಹಲವರಲ್ಲಿ ಹಂಚಿಹೋಗುವುದರಿಂದ ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ, ಮೊದಲೇ ಕಾಯಿಲೆ ಇದ್ದವರಿಗೂ ದಕ್ಕುವ ಸಾಧ್ಯತೆ ಹೆಚ್ಚು. ಕೊಳ್ಳುವಾಗ ವಿಮಾ ಮೊತ್ತ ಒಂದನ್ನೇ ನೋಡಬೇಡಿ: ಕುಟುಂಬದಲ್ಲಿ ಯಾರ್‍ಯಾರು ಸೇರುತ್ತಾರೆ, ಕೆಲಸಗಾರ ಕೈಯಿಂದ ಎಷ್ಟು ಪಾಲು ಹಾಕಬೇಕು, ಯಾವ ಚಿಕಿತ್ಸೆಗೆ ಕಾಯುವ ಅವಧಿ ಇದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕ್ಲೇಮ್ ಹಾಕಲು ನೆರವಾಗುವ ಒಬ್ಬರ ಹೆಸರನ್ನು ಎಲ್ಲರಿಗೂ ತಿಳಿಸಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಕೆಲಸಕ್ಕೆ ಬಾರದ ವಿಮೆ, ಇಲ್ಲದಿದ್ದುದಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ.

ಮೂರನೆಯದಕ್ಕೆ ಖರ್ಚೇ ಇಲ್ಲ: ಪಾಳಿಯ ವೇಳಾಪಟ್ಟಿಯನ್ನು ಎರಡು ವಾರ ಮುಂಚೆ ಹಾಕುವುದು, ಹಾಕಿದ ಮೇಲೆ ಬದಲಿಸದಿರುವುದು. ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವವರಿಗೆ ಇದು ಸಂಬಳದಷ್ಟೇ ಮುಖ್ಯ.

ಯಾವುದು ಬೇಕೆಂದು ನೀವು ಊಹಿಸಬೇಡಿ. ಆರು ಸವಲತ್ತುಗಳ ಪಟ್ಟಿ ಕೊಟ್ಟು, ಹೆಸರಿಲ್ಲದ ಚೀಟಿಯಲ್ಲಿ 10 ಅಂಕಗಳನ್ನು ಹಂಚಲು ಹೇಳಿ. ಫಲಿತಾಂಶವನ್ನು ವಯಸ್ಸಿನ ಗುಂಪಿನ ಪ್ರಕಾರ ಬೇರೆ ಬೇರೆ ನೋಡಿ, ಇಲ್ಲವಾದರೆ ನಿವೃತ್ತಿಗೆ ಹತ್ತಿರವಿರುವ ನಾಲ್ವರ ಮಾತು 40 ಯುವಕರ ಮಾತಿನಲ್ಲಿ ಮುಳುಗಿಹೋಗುತ್ತದೆ.

ಪ್ರಶ್ನೆ: ಹೆಚ್ಚು ಸಂಬಳ ಕೊಟ್ಟರೆ ಜನ ನಿಲ್ಲುತ್ತಾರೆ ಎಂಬುದಕ್ಕೆ ಪುರಾವೆ ಇದೆಯೇ?
– ವಾಣಿಜ್ಯ ವಿದ್ಯಾರ್ಥಿ

ಉತ್ತರ: ಹಳೆಯದೂ ಸ್ಪಷ್ಟವೂ ಆದ ಉದಾಹರಣೆ ಅಮೆರಿಕದ ಫೋರ್ಡ್ ಕಾರ್ಖಾನೆಯದು. 1913ರಲ್ಲಿ ಅಲ್ಲಿ ಕೆಲಸ ಬಿಡುವವರ ಪ್ರಮಾಣ ವರ್ಷಕ್ಕೆ ಸುಮಾರು ಶೇ 370 ಇತ್ತು. ಅಂದರೆ ಒಂದು ಜಾಗ ತುಂಬಿಸಲು ವರ್ಷದಲ್ಲಿ ಮೂರು–ನಾಲ್ಕು ಜನರನ್ನು ನೇಮಿಸಬೇಕಿತ್ತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿ, ಪಾಳಿಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರು. 1915ರ ಹೊತ್ತಿಗೆ ಆ ಪ್ರಮಾಣ ಶೇ 16ಕ್ಕೆ ಬಂತು. ಆದರೆ ಆ 5 ಡಾಲರಿನಲ್ಲಿ ಅರ್ಧಕ್ಕೂ ಹೆಚ್ಚು ಲಾಭಾಂಶದ ರೂಪದಲ್ಲಿತ್ತು. ಅದನ್ನು ಪಡೆಯಲು ಕೆಲಸಗಾರರ ಮನೆಬಾಳನ್ನು ಕಂಪನಿಯವರು ಬಂದು ಪರೀಕ್ಷಿಸುತ್ತಿದ್ದರು. ಆ ಭಾಗವನ್ನು ಅನುಕರಿಸಬೇಕಾಗಿಲ್ಲ.

ನಿಮ್ಮ ಸಂಸ್ಥೆಯ ಪ್ರಮಾಣ ತಿಳಿಯಲು ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಸರಾಸರಿ ಕೆಲಸಗಾರರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿ. ಅಷ್ಟಕ್ಕೇ ನಿಲ್ಲಬೇಡಿ. ಮೊದಲ ಆರು ತಿಂಗಳಲ್ಲಿ ಹೋದವರನ್ನು ಬೇರೆಯಾಗಿ ಎಣಿಸಿ. ಅವರು ಹೋಗಿದ್ದು ಹೆಚ್ಚಾಗಿ ಸಂಬಳಕ್ಕಲ್ಲ, ನೇಮಕದ ಹೊತ್ತಿನಲ್ಲಿ ಹೇಳಿದ ಕೆಲಸವೇ ಬೇರೆ, ಬಂದು ನೋಡಿದ ಕೆಲಸವೇ ಬೇರೆ ಆಗಿದ್ದಕ್ಕೆ. ಮೂರು–ನಾಲ್ಕು ವರ್ಷ ಇದ್ದು ಹೋದವರಲ್ಲಿ ಸಂಬಳದ ಕಾರಣ ಹೆಚ್ಚಾಗಿ ಸಿಗುತ್ತದೆ.

ಪ್ರಶ್ನೆ: ತಯಾರಿಸಿದ ಸಂಖ್ಯೆಗೆ ತಕ್ಕಂತೆ ಪ್ರೋತ್ಸಾಹಧನ ಇಟ್ಟೆವು. ಉತ್ಪಾದನೆ ಏರಿತು, ಆದರೆ ವಾಪಸು ಬರುವ ಮಾಲೂ ಏರಿತು. ಮಾರಾಟ ವಿಭಾಗದವರು ತಿಂಗಳ ಕೊನೆಯ ವಾರದಲ್ಲಿ ಮಾತ್ರ ಓಡಾಡುತ್ತಾರೆ.
– ಉತ್ಪಾದನಾ ವಿಭಾಗದ ಮುಖ್ಯಸ್ಥರು

ಉತ್ತರ: ಎರಡೂ ನಿಮ್ಮ ಸೂತ್ರದ ದೋಷ, ಜನರ ದೋಷವಲ್ಲ. ಕೆಲಸದ ಹಲವು ಮುಖಗಳಲ್ಲಿ ಎಣಿಸಲು ಸುಲಭವಾದ ಒಂದಕ್ಕೆ ಮಾತ್ರ ಹಣ ಕಟ್ಟಿದರೆ, ಎಣಿಸದ ಮುಖಗಳಿಂದ ಗಮನ ಸರಿಯುತ್ತದೆ. ಅರ್ಥಶಾಸ್ತ್ರಜ್ಞರಾದ ಬೆಂಗ್ಟ್ ಹೋಮ್‌ಸ್ಟ್ರೋಮ್ ಮತ್ತು ಪಾಲ್ ಮಿಲ್‌ಗ್ರಮ್ 1991ರಲ್ಲಿ ಇದನ್ನು ಗಣಿತದ ಮೂಲಕ ತೋರಿಸಿದ್ದರು.

ಉತ್ಪಾದನೆಯಲ್ಲಿ ತಪಾಸಣೆ ದಾಟಿದ ಸಂಖ್ಯೆಯನ್ನು ಮಾತ್ರ ಎಣಿಸಿ, ಗ್ರಾಹಕರಿಂದ ವಾಪಸು ಬಂದದ್ದನ್ನು ಇಡೀ ತಂಡದ ಮುಂದಿನ ತಿಂಗಳ ಎಣಿಕೆಯಿಂದ ಕಳೆಯಿರಿ. ಈಗಾಗಲೇ ಕೊಟ್ಟ ಹಣವನ್ನು ಸಂಬಳದಿಂದ ಮುರಿದುಕೊಳ್ಳಬೇಡಿ. ಹಲವು ಕಡೆ ಅದು ಕಾನೂನುಬಾಹಿರ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸದ ಮೇಲೆ ನಿಂತಿರುವ ಕಡೆ ಪ್ರೋತ್ಸಾಹಧನ ತಂಡಕ್ಕೆ ಹೋಗಲಿ, ಮತ್ತು ಅದು ಒಟ್ಟು ಗಳಿಕೆಯ ಶೇ 10–15 ದಾಟದಿರುವುದು ನಮ್ಮ ದೃಷ್ಟಿಯಲ್ಲಿ ಕ್ಷೇಮ. ಅದಕ್ಕಿಂತ ಹೆಚ್ಚಾದರೆ ವ್ಯಾಪಾರದ ಏರಿಳಿತವನ್ನು ಕೆಲಸಗಾರನ ಮನೆ ಖರ್ಚಿನ ಮೇಲೆ ಹೊರಿಸಿದಂತೆ.

ಮಾರಾಟದಲ್ಲಿ ಗುರಿ 100 ಮುಟ್ಟಿದರೆ ಪೂರ್ತಿ ಹಣ, 99ಕ್ಕೆ ಸೊನ್ನೆ ಎಂದು ಇಟ್ಟಿರುತ್ತೀರಿ. 70ರಲ್ಲಿ ಇರುವವನು ಈ ತಿಂಗಳು ಕೈಬಿಟ್ಟು ಆರ್ಡರುಗಳನ್ನು ಮುಂದಿನ ತಿಂಗಳಿಗೆ ದೂಡುತ್ತಾನೆ. 95ರಲ್ಲಿ ಇರುವವನು ರಿಯಾಯಿತಿ ಸುರಿದು ಹೇಗೋ ಮುಟ್ಟಿಸುತ್ತಾನೆ. 80ರಿಂದ ಮೆಟ್ಟಿಲು ಮೆಟ್ಟಿಲಾಗಿ ಹಣ ಏರಲಿ, 100 ದಾಟಿದ ಮೇಲೂ ಅದೇ ದರದಲ್ಲಿ ಮುಂದುವರಿಯಲಿ. ಇನ್ನೊಂದು ದೊಡ್ಡ ತಪ್ಪು, ಗುರಿ ಮುಟ್ಟಿದವರ ಗುರಿಯನ್ನು ಕೂಡಲೇ ಏರಿಸುವುದು. ಒಂದು ಸಲ ಹಾಗೆ ಮಾಡಿದರೆ ಸಾಕು, ಚೆನ್ನಾಗಿ ಕೆಲಸ ಮಾಡಬಲ್ಲವರು ಉದ್ದೇಶಪೂರ್ವಕವಾಗಿ ನಿಧಾನಿಸಲು ಕಲಿಯುತ್ತಾರೆ. ಗುರಿಯನ್ನು ವರ್ಷಕ್ಕೊಮ್ಮೆ ಮಾತ್ರ, ಮೊದಲೇ ಬರೆದಿಟ್ಟ ಕಾರಣಕ್ಕೆ ಮಾತ್ರ ಬದಲಿಸಿ.

ಪ್ರಶ್ನೆ: ಒಳ್ಳೆಯ ಕೆಲಸಗಾರ್ತಿ ರಾಜೀನಾಮೆ ಕೊಟ್ಟಿದ್ದಾರೆ. ಬೇರೆಯವರು ಕೊಡುವಷ್ಟೇ ನಾವೂ ಕೊಟ್ಟು ಉಳಿಸಿಕೊಳ್ಳಬೇಕೆ?
– ಶಾಲಾ ಆಡಳಿತ ಮಂಡಳಿಯ ಸದಸ್ಯರು

ಉತ್ತರ: ನಿಮ್ಮ ಶ್ರೇಣಿಯ ಪ್ರಕಾರವೇ ಅವರಿಗೆ ಕಡಿಮೆ ಸಿಗುತ್ತಿತ್ತಾದರೆ ಕೊಡಿ, ತಡವಾಯಿತೆಂದು ಕ್ಷಮೆಯನ್ನೂ ಕೇಳಿ, ಅದೇ ಸ್ಥಿತಿಯಲ್ಲಿರುವ ಉಳಿದವರನ್ನೂ ಅದೇ ತಿಂಗಳು ಸರಿಪಡಿಸಿ. ಶ್ರೇಣಿ ದಾಟಿ ಕೊಡಬೇಕಾದರೆ ಬೇಡ. ಸಂಬಳ ಏರಬೇಕಾದರೆ ರಾಜೀನಾಮೆ ಪತ್ರ ಹಿಡಿದು ಬರಬೇಕು ಎಂಬ ಪಾಠವನ್ನು ಇಡೀ ಸಂಸ್ಥೆಗೆ ಕಲಿಸಿದಂತಾಗುತ್ತದೆ.

ಪ್ರಶ್ನೆ: ಒಂದೇ ಕೆಲಸ, ಒಂದೇ ಅನುಭವ, ಆದರೂ ನಮ್ಮಲ್ಲಿ ಹೆಣ್ಣುಮಕ್ಕಳ ಸಂಬಳ ಕಡಿಮೆ. ಬೇಕೆಂದು ಯಾರೂ ಮಾಡಿಲ್ಲ ಎನ್ನುತ್ತಾರೆ. ಹಾಗಾದರೆ ಹೇಗಾಯಿತು?
– ಆಸ್ಪತ್ರೆಯ ಪ್ರಯೋಗಾಲಯದ ತಂತ್ರಜ್ಞೆ

ಉತ್ತರ: ಬೇಕೆಂದು ಮಾಡದೆಯೂ ಆಗುತ್ತದೆ. ಸಾಮಾನ್ಯವಾಗಿ ಮೂರು ಜಾಗದಲ್ಲಿ ಸೋರಿಕೆ ಇರುತ್ತದೆ. ನೇಮಕದ ಹೊತ್ತಿಗೆ ‘ಹಿಂದಿನ ಸಂಬಳ ಎಷ್ಟು’ ಎಂದು ಕೇಳಿ ಅದರ ಮೇಲೆ ಶೇಕಡಾವಾರು ಏರಿಸಿದರೆ, ಹಿಂದಿನ ಕಡೆಯ ಅನ್ಯಾಯವೂ ಜೊತೆಗೇ ಬರುತ್ತದೆ. ಹೆರಿಗೆ ರಜೆಯಲ್ಲಿದ್ದ ವರ್ಷ ಮೌಲ್ಯಮಾಪನ ಆಗದೆ ವಾರ್ಷಿಕ ಏರಿಕೆ ತಪ್ಪುತ್ತದೆ, ಆ ಒಂದು ವರ್ಷದ ನಷ್ಟ ಮುಂದಿನ ಎಲ್ಲ ಏರಿಕೆಗಳಿಗೂ ಅಂಟಿಕೊಳ್ಳುತ್ತದೆ. ಚೌಕಾಸಿ ಮಾಡಿದವರಿಗೆ ಹೆಚ್ಚು ಕೊಡುವ ಪದ್ಧತಿ ಮೂರನೆಯದು.

‘ಸಮಾನ ಕೆಲಸ’ ಎಂಬುದಕ್ಕಿಂತ ವಿಶಾಲವಾಗಿ ‘ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ’ ಎಂಬ ತತ್ತ್ವವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1951ರ 100ನೇ ಒಡಂಬಡಿಕೆಯಲ್ಲಿ ಅಂಗೀಕರಿಸಿತು. ಐಸ್‌ಲ್ಯಾಂಡ್ ಇನ್ನೂ ಮುಂದೆ ಹೋಗಿ, 2018ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಲ್ಲಿ 25 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಸಮಾನ ವೇತನವನ್ನು ತಾವೇ ರುಜುವಾತು ಮಾಡಬೇಕೆಂದು ವಿಧಿಸಿತು. ಸಾಬೀತು ಮಾಡುವ ಭಾರ ಕೆಲಸಗಾರ್ತಿಯ ಮೇಲಲ್ಲ, ಸಂಸ್ಥೆಯ ಮೇಲೆ. ನಿಮ್ಮಲ್ಲೂ ಆಡಳಿತದವರನ್ನು ಕೇಳಬೇಕಾದ್ದು ಅದನ್ನೇ: ಪ್ರತಿ ಶ್ರೇಣಿಯಲ್ಲಿ ಗಂಡಸರ ಮತ್ತು ಹೆಂಗಸರ ನಡುಮಟ್ಟದ ಸಂಬಳ ಅಕ್ಕಪಕ್ಕ ಬರೆದು, ವ್ಯತ್ಯಾಸಕ್ಕೆ ಕಾಗದದಲ್ಲಿರುವ ಕಾರಣ ತೋರಿಸಲಿ. ವಿದ್ಯಾರ್ಹತೆ, ರಾತ್ರಿಪಾಳಿ, ಹೆಚ್ಚುವರಿ ಹೊಣೆ ಇಂಥವು ಕಾರಣಗಳು. ‘ಅವರು ಕೇಳಿದರು, ಇವರು ಕೇಳಲಿಲ್ಲ’ ಎಂಬುದು ಕಾರಣವಲ್ಲ. ಒಬ್ಬರೇ ಕೇಳುವುದಕ್ಕಿಂತ ನಾಲ್ಕೈದು ಜನ ಸೇರಿ, ಬರಹದಲ್ಲಿ, ವಾರ್ಷಿಕ ಬಜೆಟ್ ಮುಗಿಯುವ ಮುಂಚೆ ಕೇಳಿ.

ಪ್ರಶ್ನೆ: ಈ ವರ್ಷ ನನಗೆ ಶೇ 5 ಏರಿಕೆ ಸಿಕ್ಕಿತು. ಬೆಲೆಯೇರಿಕೆ ಶೇ 7 ಇತ್ತು. ನನ್ನ ಸಂಬಳ ಏರಿದೆಯೇ, ಇಳಿದಿದೆಯೇ?
– ಗೋದಾಮು ಮೇಲ್ವಿಚಾರಕರು

ಉತ್ತರ: ಇಳಿದಿದೆ. 105ನ್ನು 107ರಿಂದ ಭಾಗಿಸಿದರೆ 0.981, ಕೊಳ್ಳುವ ಶಕ್ತಿ ಸುಮಾರು ಶೇ 1.9 ಕುಗ್ಗಿದೆ. ಬೆಲೆಯೇರಿಕೆಗೆ ಕೊಡುವ ಏರಿಕೆಯನ್ನೂ ಒಳ್ಳೆಯ ಕೆಲಸಕ್ಕೆ ಕೊಡುವ ಏರಿಕೆಯನ್ನೂ ಏರಿಕೆ ಪತ್ರದಲ್ಲಿ ಎರಡು ಸಾಲಾಗಿ ತೋರಿಸಬೇಕೆಂದು ಕೇಳಿ. ಒಂದೇ ಅಂಕಿಯಲ್ಲಿ ಕಲಸಿ ಕೊಟ್ಟಾಗ ‘ನಿಮ್ಮ ಶ್ರಮಕ್ಕೆ ಮೆಚ್ಚುಗೆ’ ಎಂಬ ಪತ್ರದ ಜೊತೆ ನಿಜವಾದ ಕಡಿತ ಕೈಗೆ ಬಂದಿರುತ್ತದೆ. ಮಾತಿಗೆ ಹೋಗುವಾಗ ಕಳೆದ ವರ್ಷ ಹೊಸದಾಗಿ ವಹಿಸಿಕೊಂಡ ಕೆಲಸಗಳ ಪಟ್ಟಿ, ಅದೇ ಕೆಲಸಕ್ಕೆ ಹೊರಗೆ ಸಿಗುವ ಮೂರ್ನಾಲ್ಕು ಅಂಕಿಗಳು ಮತ್ತು ಮೇಲಿನ ಭಾಗಾಕಾರ ಒಂದೇ ಹಾಳೆಯಲ್ಲಿರಲಿ. ಏರಿಕೆ ಪ್ರಕಟವಾದ ಮೇಲಲ್ಲ, ಅದಕ್ಕೆ ಎರಡು–ಮೂರು ತಿಂಗಳು ಮುಂಚೆ ಹೋಗಿ. ಪ್ರಕಟವಾದ ಮೇಲೆ ಆ ವರ್ಷದ ಹಣ ಹಂಚಿ ಮುಗಿದಿರುತ್ತದೆ.